ಸುಲ್ತಾನನ ಅರಮನೆಗೆ ನಮ್ಮನೆಯ ಅರ್ಥಗಾರಿಕೆ

ನಿಮಗೆ ಹಿಂದಿ ಬರುತ್ತದೆಯೆ? ಬಂದರೂ ದಯವಿಟ್ಟು ಯಾರ ಮುಂದೆಯೂ ಒಪ್ಪಿಕೊಳ್ಳಬೇಡಿ. ಈಜು ಬರುತ್ತದೆ ಎಂದರೆ ಯಾರೂ ನಿಮ್ಮನ್ನು ಹೊಳೆಗೆ ತಳ್ಳುವುದಿಲ್ಲ. ಹಾಡು ಬರುತ್ತದೆ ಎಂದರೆ ಒಂದು ಹಾಡು ಹಾಡಿಸಿ ಬಿಟ್ಟುಬಿಡುತ್ತಾರೆ. ಹಿಂದಿ ಬರುತ್ತದೆ ಎಂದಿರೋ, ಮುಗಿಯಿತು ನಿಮ್ಮ ಕಥೆ. ಔಷಧಿ ಡಬ್ಬಿಯ ಮೇಲಿನ ಬರಹ ಓದುವುದರಿಂದ ಹಿಡಿದು ಕಂಬಳಿ ಮಾರಲು ಬಂದವನ ಜೊತೆ ಚೌಕಾಸಿ ಮಾಡುವವರೆಗೆ ಎಲ್ಲದಕ್ಕೂ ನಿಮಗೇ ಕರೆ. ನನಗಂತೂ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ನಾನು ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರು. ಹಿಂದಿ ಟೀಚರಿಗೆ ಹಿಂದಿ ಬರುತ್ತದೆ ಎಂಬುದು ನಮ್ಮ ಕಡೆಯ ಬಹುದೊಡ್ಡ ಮೂಢನಂಬಿಕೆ. ನನಗೆ ಬರುವುದು ಪರೀಕ್ಷೆಯ ಹಿಂದಿ. ‘ಗಾಯ್ ಏಕ್ ಪಾಲತೂ ಪಶು ಹೈ’ ಎಂಬಲ್ಲಿಂದ ಹೊರಟು ‘ಸಮಯ ಕಾ ಸದುಪಯೋಗ’ದವರೆಗೆ ಹೋಗಿ ನಿಂತುಬಿಡುವಂಥದ್ದು. ಅದನ್ನು ಹಿಡಿದುಕೊಂಡು ನಾನು ಟರ್ಕಿಯ ಸುಲ್ತಾನನ ಅರಮನೆಯೊಳಗೆ ಹೋಗಬೇಕಾಗಿ ಬರುತ್ತದೆ ಎಂದು ಆ ಪರೀಕ್ಷೆ ನಡೆಸಿದವರಿಗಾದರೂ ಹೇಗೆ ಗೊತ್ತಾಗಬೇಕು!

ಸಿರಸಿಯಲ್ಲಿ ನಾವು ಬಾಡಿಗೆಗಿದ್ದ ಓಣಿಯ ಕೇಬಲಿನವನು ತನ್ನದೇ ಒಂದು ಚಾನೆಲ್ ಇಟ್ಟುಕೊಂಡಿದ್ದ. ಅದರಲ್ಲಿ ತನಗೆ ಸಿಕ್ಕಿದ ಸಿ.ಡಿ.ಗಳನ್ನೆಲ್ಲ ಹಾಕುತ್ತಿದ್ದ. ಒಮ್ಮೆ ಕೊಲ್ಲಿ ದೇಶದಿಂದ ಬಂದ ಅವನ ಪರಿಚಯದವರು ಯಾರೋ ಒಂದು ಚೀಲ ತುಂಬ ಸಿ.ಡಿ. ತಂದುಕೊಟ್ಟರು. ಟರ್ಕಿಯ ಸುಲ್ತಾನ, ಅವನ ತಾಯಿ, ದೂರದ ದೇಶದಿಂದ ಬಂದ ಚಿಕ್ಕ ರಾಣಿ, ನಯವಂಚಕ ವಜೀರ, ಇಷ್ಟು ಜನ ಸೇರಿ ಪರಸ್ಪರರ ಹೊಟ್ಟೆ ಉರಿಸುವ ಐತಿಹಾಸಿಕ ಧಾರಾವಾಹಿ ಅದು. ಮಾತೆಲ್ಲ ಉರ್ದುವಿನಲ್ಲಿ. ದಿನಾ ಸಂಜೆ ಏಳಕ್ಕೆ ಶುರು. ನಮ್ಮ ಅತ್ತೆ ಮೊದಲ ದಿನ ಆ ರಾಣಿಯರ ಆಭರಣ ನೋಡಿದರು, ಎರಡನೆಯ ದಿನ ಅಡುಗೆಮನೆಯ ಕಡೆ ತಿರುಗಿ ಕೂಗಿದರು.

“ಸುಮನಾ, ಬಾ ಇಲ್ಲಿ! ಇದು ಎಂತ ಹೇಳ್ತು ಹೇಳಿ ಹೇಳು!”

ನಾನು ಸೌಟು ಹಿಡಿದುಕೊಂಡೇ ಬಂದೆ. ತೆರೆಯ ಮೇಲೆ ಸುಲ್ತಾನನ ತಾಯಿ ಮಾತಾಡುತ್ತಿದ್ದಳು. ನನಗೆ ಅರ್ಥವಾದದ್ದು ‘ಬೇಟಾ’ ಎಂಬುದೊಂದೇ. “ಮಗನಿಗೆ ಬುದ್ಧಿ ಹೇಳ್ತಾ ಇದ್ದು ಅತ್ತೆ” ಎಂದೆ. ಅತ್ತೆ ನನ್ನ ಮುಖ ನೋಡಿದರು. “ಅಷ್ಟೇಯ? ಅಷ್ಟು ಹೊತ್ತು ಮಾತಾಡಿದ್ದು. ಇದೆಂತ ಅರ್ಥ ಮಾರಾಯ್ತಿ!”

ಇಲ್ಲಿ ನಮ್ಮ ಅತ್ತೆಯ ಪೂರ್ವಾಪರ ಸ್ವಲ್ಪ ಹೇಳಬೇಕು. ಅವರ ತವರು ಸಿದ್ದಾಪುರದ ಹತ್ತಿರದ ಮನ್ಮನೆ. ಅವರ ಅಪ್ಪ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ನಾಲ್ಕು ಸಾಲು ಪದ್ಯ ಹಾಡುತ್ತಾರೆ. ಅರ್ಥ ಹೇಳುವವರು ಆ ನಾಲ್ಕು ಸಾಲನ್ನು ಹಿಡಿದು, ತಾವೇ ಆ ಪಾತ್ರವಾಗಿ, ಎದುರಿನವರ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಪದ್ಯದಲ್ಲಿ ಇದ್ದಷ್ಟನ್ನೇ ಹೇಳಿದವನು ಅತ್ತೆಯ ಲೆಕ್ಕದಲ್ಲಿ ದಡ್ಡ. ಹಾಗಾಗಿ ಟಿ.ವಿ.ಯವರು ಆಡಿದ್ದು ಪದ್ಯ, ನಾನು ಹೇಳಬೇಕಾದದ್ದು ಅರ್ಥ ಎಂದು ಅವರು ತೀರ್ಮಾನಿಸಿಬಿಟ್ಟರು. ಇಂಥ ತಪ್ಪು ತಿಳಿವಳಿಕೆ ಪ್ರಪಂಚದ ಬೇರೆ ಯಾವ ಮೂಲೆಯಲ್ಲೂ ಹುಟ್ಟಲಾರದು. ನನಗೋ, ಅಲ್ಲಿನ ಮಾತಿನಲ್ಲಿ ಕಾಲು ಭಾಗ ತಿಳಿದರೆ ಹೆಚ್ಚು. ಮುಕ್ಕಾಲು ಭಾಗ ಹೊಟ್ಟೆಯಿಂದಲೇ ತೆಗೆಯಬೇಕಿತ್ತು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ! ದಿನಾ ಸಿದ್ದಾಪುರಕ್ಕೆ ಬಸ್ಸಿನಲ್ಲಿ ಹೋಗಿ, ಮಕ್ಕಳ ಹತ್ತಿರ ಗಂಟಲು ಹರಿದುಕೊಂಡು, ಮತ್ತೆ ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಅನ್ನಕ್ಕಿಟ್ಟು ಉಸ್ಸೆನ್ನುವಷ್ಟರಲ್ಲಿ ಅರಮನೆಯಿಂದ ಕರೆ ಬರುತ್ತಿತ್ತು. ಅತ್ತೆ ಪೂರ್ತಿ ರಾಜಮಾತೆಯ ಪಕ್ಷ. ಚಿಕ್ಕ ರಾಣಿ ನಕ್ಕರೆ ಇವರಿಗೆ ಕೋಪ, ಅತ್ತರೆ ಇನ್ನೂ ಕೋಪ. “ನಾಟಕ ಮಾಡ್ತು ನೋಡು!” ವಜೀರ ಕಂಡ ಕೂಡಲೇ ಟಿ.ವಿ.ಗೆ ಬೆನ್ನು ತಿರುಗಿಸಿ ಗೋಡೆ ನೋಡುತ್ತ ಕೂರುತ್ತಿದ್ದರು, ಅವನು ಹೋದನೆಂದು ನಾನು ಹೇಳಿದ ಮೇಲೆಯೇ ಈ ಕಡೆ ತಿರುಗುತ್ತಿದ್ದದ್ದು. ಸುಲ್ತಾನ ತಾಯಿಯ ಮಾತು ಮೀರಿದ ದಿನ ಅವರು ಊಟ ಬಿಟ್ಟರು. ಯಾರೋ ಟರ್ಕಿಯವನು ತನ್ನ ತಾಯಿಗೆ ಎದುರಾಡಿದ್ದಕ್ಕೆ ಸಿರಸಿಯಲ್ಲಿ ನಾನು ಅತ್ತೆಯನ್ನು ರಮಿಸಿ ಊಟಕ್ಕೆ ಏಳಿಸಬೇಕೆ? ಯಾವ ನ್ಯಾಯ ಸ್ವಾಮಿ ಇದು?

ಇದು ಸಾಲದೆಂಬಂತೆ ಪಕ್ಕದ ಮನೆಯ ಜೈತೂನಬಿಯೂ ಬರತೊಡಗಿದರು. ಅವರ ಗಂಡನದು ಲಾರಿ ವ್ಯವಹಾರ, ಮನೆಮಾತು ಉರ್ದು. ಅವರ ಟಿ.ವಿ. ಕೆಟ್ಟಿತ್ತು. ಅವರದು ಚಿಕ್ಕ ರಾಣಿಯ ಪಕ್ಷ. ಒಂದೇ ಚಾಪೆಯ ಮೇಲೆ ಕೂತು, ಚಿಕ್ಕ ರಾಣಿ ಗೆದ್ದರೆ ಅವರು ಅತ್ತೆಯ ಕಡೆ ನೋಡಿ ನಗುವುದು, ರಾಜಮಾತೆ ಗೆದ್ದರೆ ಅತ್ತೆ ಅವರಿಗೆ ಕೇಳುವಂತೆ ಕೆಮ್ಮುವುದು. ಉರ್ದು ಬಲ್ಲವರು ಪಕ್ಕದಲ್ಲೇ ಇದ್ದಾರಲ್ಲ, ಇನ್ನು ನನಗೆ ಬಿಡುಗಡೆ ಎಂದುಕೊಂಡೆ. ಎಲ್ಲಿಯದು! “ಜೈತೂನ ಹೇಳಿದ್ರೆ ಆಗ್ತಿಲ್ಲೆ, ಅದು ರಾಣಿ ಪಾರ್ಟಿ” ಎಂದು ಅತ್ತೆ ಅವರನ್ನು ಮೊದಲೇ ತಳ್ಳಿಹಾಕಿದ್ದರು. ನಾನು ಏನೇನೋ ಹೇಳುತ್ತಿದ್ದರೆ ಜೈತೂನಬಿ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು.

ಹೀಗಿರುವಾಗ ನಮ್ಮ ಶಾಲೆಯ ಹಿಂದೆಯೇ ಒಂದು ಮನೆ ಬಾಡಿಗೆಗೆ ಖಾಲಿಯಾಯಿತು. ಬಾಗಿಲು ತೆರೆದರೆ ಶಾಲೆಯ ಗಂಟೆ ಕೇಳುವಷ್ಟು ಹತ್ತಿರ. ನನಗೆ ಆ ಮನೆ ಬೇಕೇ ಬೇಕಿತ್ತು. ಬಸ್ಸಿನಲ್ಲಿ ನಿಂತು ನಿಂತು ನನ್ನ ಸೊಂಟ ಬಿದ್ದುಹೋಗಿತ್ತು. ಮನೆಯ ಮಾಲೀಕರು ತಿಂಗಳ ಕೊನೆಯವರೆಗೆ ಕಾಯುತ್ತೇನೆಂದರು. ಆದರೆ ಸಿರಸಿ ಬಿಡೋಣ ಎಂದು ಅತ್ತೆಯ ಹತ್ತಿರ ಹೇಳುವವರು ಯಾರು? ನಮ್ಮನೆಯವರು ಔಷಧ ಕಂಪನಿಯ ಪ್ರತಿನಿಧಿ. ಸಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಬೈಕಿನಲ್ಲಿ ತಿರುಗುವವರಿಗೆ ಮನೆ ಎಲ್ಲಿದ್ದರೂ ಒಂದೇ. “ಆನೆಂತ ಹೇಳ್ಲಿ? ನೀನೇ ಹೇಳು. ನಾಳೆ ಆನು ಕಿರವತ್ತಿಗೆ ಹೋಗವು” ಎಂದು ಹೆಲ್ಮೆಟ್ ಹಾಕಿಕೊಂಡರು. ರಾತ್ರಿಯ ಊಟದ ಹೊತ್ತಿನಲ್ಲಿ ನಾಳೆಯ ಹೆಲ್ಮೆಟ್ ಹಾಕಿಕೊಳ್ಳುವ ಗಂಡಸಿನ ಹತ್ತಿರ ಏನು ಮಾತಾಡುವುದು?

ಆ ವಾರವೇ ಧಾರಾವಾಹಿಯಲ್ಲಿ ಚಿಕ್ಕ ರಾಣಿಯ ಮಗನಿಗೆ ದೂರದ ಒಂದು ಪಟ್ಟಣದ ಅಧಿಕಾರ ಸಿಕ್ಕಿತು. ಮಗನ ಜೊತೆ ತಾನೂ ಹೋಗುತ್ತೇನೆ ಎಂದು ಅವಳ ಹಟ, ಕೂಡದೆಂದು ರಾಜಮಾತೆಯ ಹಟ. ಸಿಕ್ಕಿತಲ್ಲ ದಾರಿ ಎಂದುಕೊಂಡೆ. ಚಿಕ್ಕ ರಾಣಿ ಬಾಯಿ ತೆರೆದದ್ದೇ ತಡ, ನಾನು ಅರ್ಥಕ್ಕೆ ಇಳಿದೆ. “ರಾಜಮಾತೆಯೇ, ಬೆಳಕು ಹರಿಯುವ ಮೊದಲು ಏಳುತ್ತೇನೆ. ಎಲ್ಲರಿಗೂ ದೋಸೆ ಎರೆದಿಡುತ್ತೇನೆ. ಆಮೇಲೆ ಓಡಿಹೋಗಿ ಗಾಡಿ ಹತ್ತಿದರೆ ಕೂರಲು ಜಾಗವಿಲ್ಲ, ಆ ಊರು ಮುಟ್ಟುವವರೆಗೆ ನಿಂತೇ ಇರಬೇಕು. ಆ ಊರಿನಲ್ಲೇ ಒಂದು ಮನೆ ಖಾಲಿಯಿದೆ. ನನ್ನ ಕಷ್ಟ ನಿಮ್ಮ ಕಣ್ಣಿಗೆ ಬೀಳುವುದಿಲ್ಲವೆ?” ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಜೈತೂನಬಿ ಕೆಮ್ಮು ಬಂದವರಂತೆ ಎದ್ದು ಹೊರಗೆ ಹೋದರು.

ಅತ್ತೆ ಹುಬ್ಬು ಗಂಟಿಕ್ಕಿದರು. “ಅಷ್ಟು ದೊಡ್ಡ ರಾಣಿಗೆ ಕೂರಲೆ ಜಾಗ ಸಿಕ್ತಿಲ್ಯ?”

ಮರುದಿನ ಬೆಳಿಗ್ಗೆ ಬೇಲಿಯ ಹತ್ತಿರ ಜೈತೂನಬಿ ನನ್ನನ್ನು ನಿಲ್ಲಿಸಿದರು. ನನ್ನ ಅರ್ಥದ ಗುಟ್ಟು ಬಯಲು ಮಾಡುತ್ತಾರೇನೋ ಎಂದುಕೊಂಡೆ. ಅವರು ಆಚೀಚೆ ನೋಡಿ, ದನಿ ಇಳಿಸಿ, “ಟೀಚರ್, ನಿಮ್ಮ ಅರ್ಥದಾಗೆ ನಂದೂ ಒಂದ್ ಮಾತು ಸೇರಿಸ್ರಿ. ಪಕ್ಕದ ಮನೆ ಕೋಳಿಗೆ ಯಾರೂ ಕಲ್ಲು ಹೊಡೀಬಾರ್ದು ಅಂತ ರಾಜ ಹುಕುಂ ಮಾಡ್ಯಾನ ಅಂತ ಹೇಳಿಬಿಡ್ರಿ. ನಿಮ್ಮ ಅತ್ತೆಮ್ಮನ ಕೈ ಕಲ್ಲು ನಮ್ಮ ಕೋಳಿಗೆ ಬಹಳ ಜೋರಾಗಿ ಬೀಳ್ತದ” ಎಂದರು. ಇಲ್ಲವೆನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಂದು ಸಂಜೆ ಸುಲ್ತಾನ ಯುದ್ಧದ ನಕ್ಷೆ ಬಿಡಿಸಿಕೊಂಡು ಸೇನಾಪತಿಗಳ ಜೊತೆ ಮಾತಾಡುತ್ತಿದ್ದಾಗ ನಾನು ಕೋಳಿಯ ಹುಕುಂ ಹೊರಡಿಸಿದೆ. ಅತ್ತೆ ಜೈತೂನಬಿಯ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನೋಡಿದರು ಅಷ್ಟೆ.

ತಿಂಗಳ ಕೊನೆ ಬಂತು. ನಾಳೆ ಮಾಲೀಕರಿಗೆ ಉತ್ತರ ಹೇಳಬೇಕು. ತೆರೆಯ ಮೇಲೆ ರಾಜಮಾತೆ ಇನ್ನೇನು ತೀರ್ಪು ಕೊಡಬೇಕು, ಫಟ್ಟೆಂದು ಕರೆಂಟು ಹೋಯಿತು. ನಾನು ಚಿಮಣಿ ದೀಪ ಹಚ್ಚಿಟ್ಟು ಅಡುಗೆಮನೆಗೆ ಹೊರಟರೆ ಅತ್ತೆ, “ಎಲ್ಲಿಗೆ ಹೋಗ್ತೆ? ಅರ್ಥ ನಿಲ್ಲಿಸಡ. ಹೇಳು” ಎಂದರು.

“ಅತ್ತೆ, ಟಿ.ವಿ.ಯೇ ಇಲ್ಲೆ!”

“ಇಷ್ಟು ದಿನ ಟಿ.ವಿ. ನೋಡಿ ಹೇಳಿದ್ಯ?”

ಅತ್ತೆ ಚಾಪೆಯ ಮೇಲೆ ನೆಟ್ಟಗೆ ಕೂತರು, ಸೆರಗು ಹೊದ್ದರು, ಗಂಟಲು ಸರಿಮಾಡಿಕೊಂಡರು. ಆಮೇಲೆ ಅವರ ಬಾಯಿಂದ ಹೊರಟದ್ದು ಅವರ ಅಪ್ಪನ ಭಾಷೆ. “ಎಲೌ ಚಿಕ್ಕ ರಾಣಿಯೇ! ಗಾಡಿಯಲ್ಲಿ ನಿಂತು ಹೋಗುವ ನಿನ್ನ ಕಷ್ಟವನ್ನು ಪರರ ಬಾಯಲ್ಲಿ ಹೇಳಿಸಿರುವೆ. ಎದುರಿಗೇ ಕೂತ ನನಗೆ ನೇರವಾಗಿ ಹೇಳುವುದಕ್ಕೆ ಏನು ಧಾಡಿ? ನಾನೇನು ಹುಲಿಯೆ? ನೀನು ಬಂದ ಊರನ್ನು ನೆನೆದು ಅತ್ತರೆ ಎಲ್ಲರೂ ಅಯ್ಯೋ ಎನ್ನುತ್ತಾರೆ. ರಾಜಮಾತೆಗೂ ಒಂದು ತವರಿತ್ತು. ಈ ಅರಮನೆಗೆ ಬಂದ ಮೇಲೆ, ನಿನಗೆ ಅಲ್ಲಿಗೆ ಹೋಗಬೇಕೆನಿಸುತ್ತದೆಯೆ ಎಂದು ನನ್ನನ್ನು ಯಾರಾದರೂ ಕೇಳಿದ್ದಾರೆಯೆ? ಮಗ ಕೇಳಿದನೆ? ನೀನು ಕೇಳಿದೆಯೆ?” ಜೈತೂನಬಿಯ ಕಡೆ ತಿರುಗಿ, “ಮತ್ತು ಕೋಳಿಗಳು ಮೆಣಸಿನ ಸಸಿ ಕೆದರಿದರೆ ರಾಜಾಜ್ಞೆಯನ್ನೂ ನಾನು ಲೆಕ್ಕಿಸುವವಳಲ್ಲ!” ಎಂದರು. ಕತ್ತಲೆಯಲ್ಲಿ ಜೈತೂನಬಿ “ಯಾ ಅಲ್ಲಾ” ಎಂದದ್ದು ಕೇಳಿಸಿತು.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಸಿದ್ದಾಪುರದಲ್ಲಿ ನಾನು ದಿನಾ ಇಳಿಯುತ್ತಿದ್ದ ಬಸ್ ನಿಲ್ದಾಣದಿಂದ ಇವರ ತವರಿಗೆ ಎಷ್ಟು ಮಹಾ ದೂರ? ಇಷ್ಟು ವರ್ಷ ಅದು ನನ್ನ ತಲೆಗೇ ಬಂದಿರಲಿಲ್ಲವಲ್ಲ! ಅಷ್ಟರಲ್ಲಿ ಬೈಕಿನ ಸದ್ದಾಗಿ ನಮ್ಮನೆಯವರು ಒಳಗೆ ಬಂದರು. “ಬಂದ ನೋಡು ರಾಜ! ಅಂವನೇ ತೀರ್ಪು ಹೇಳ್ಲಿ” ಎಂದರು ಅತ್ತೆ. ಚಿಮಣಿಯ ಬೆಳಕಿನಲ್ಲಿ ಮೂರು ಹೆಂಗಸರು ತನ್ನನ್ನೇ ದುರುಗುಟ್ಟಿ ನೋಡುತ್ತಿರುವುದನ್ನು ಕಂಡು ರಾಜರು ಹೆಲ್ಮೆಟ್ ತೆಗೆಯದೆಯೇ, “ಎಲ್ಲರದ್ದೂ ಊಟ ಆತ?” ಎಂದು ಕೇಳಿದರು.

ಮುಂದಿನ ತಿಂಗಳು ನಾವು ಸಿದ್ದಾಪುರಕ್ಕೆ ಬಂದೆವು. ಟಿ.ವಿ.ಯನ್ನು ಯಾರ ಕೈಗೂ ಕೊಡದೆ ಲಾರಿಯ ಮುಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ಹೊರಟವರು ಅತ್ತೆ. ಲಾರಿ ಜೈತೂನಬಿಯ ಮನೆಯದೇ. ಅತ್ತೆ ಈಗ ಮನಸ್ಸು ಬಂದಾಗ ಮನ್ಮನೆಗೆ ಹೋಗಿ ಬರುತ್ತಾರೆ, ಬೇಲಿಯಾಚೆ ಕೋಳಿಗಳಿಲ್ಲ, ನಾನು ಶಾಲೆಯ ಗಂಟೆ ಕೇಳಿಯೇ ಮನೆಯಿಂದ ಹೊರಡುತ್ತೇನೆ. ಎಲ್ಲವೂ ಸುಖವಾಗಿರಬೇಕಿತ್ತು. ಆದರೆ ಸಾಮಾನು ಇಳಿಸಿದ ದಿನ ಸಂಜೆ ಏಳಕ್ಕೆ ಟಿ.ವಿ. ಹಾಕಿದರೆ ಅರಮನೆಯೇ ಇಲ್ಲ! ಅದು ಸಿರಸಿಯ ಕೇಬಲಿನವನ ಸ್ವಂತ ಚಾನೆಲ್ ಅಲ್ಲವೆ, ಸಿದ್ದಾಪುರದಲ್ಲಿ ಹೇಗೆ ಬರಬೇಕು? ಇಲ್ಲಿಯವನು ದಿನಾ ಸಂಜೆ ಭಜನೆ ಹಾಕುತ್ತಿದ್ದ. ಅತ್ತೆ ಆ ರಾತ್ರಿ ಮತ್ತೆ ಊಟ ಬಿಟ್ಟರು.

ಹಾಗಾಗಿ ಈಗ ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಸಿರಸಿಗೆ ಬಸ್ಸು ಹತ್ತುತ್ತೇನೆ. ಜೈತೂನಬಿಯ ಟಿ.ವಿ. ರಿಪೇರಿಯಾಗಿದೆ. ಅವರು ಇಡೀ ವಾರದ ಕಥೆ ಹೇಳುತ್ತಾರೆ, ನಾನು ಚಹಾ ಕುಡಿಯುತ್ತ ಕೇಳಿಕೊಂಡು ಬಂದು ಸಂಜೆ ಅತ್ತೆಗೆ ಅರ್ಥ ಹೇಳುತ್ತೇನೆ. ಅತ್ತೆಯ ಒತ್ತಾಯಕ್ಕೆ ಹೋಗುತ್ತೇನೆಂದು ಎಲ್ಲರ ಹತ್ತಿರ ಗೊಣಗುತ್ತೇನೆ. ಕಳೆದ ಶನಿವಾರ ಅತ್ತೆಯೇ “ಈ ವಾರ ಬ್ಯಾಡ ಬಿಡೆ, ನಿನ್ನ ಸೊಂಟ ನೋವು” ಎಂದರು. ಚಿಕ್ಕ ರಾಣಿಗೆ ವಜೀರ ವಿಷ ಹಾಕಿದಲ್ಲಿಗೆ ಹಿಂದಿನ ವಾರದ ಕಥೆ ನಿಂತಿತ್ತು. ಅವರ ಮಾತು ಮುಗಿಯುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿಯಾಗಿತ್ತು. ಬಸ್ಸು ಎಂದಿನಂತೆ ತುಂಬಿ ತುಳುಕುತ್ತಿತ್ತು. ಸಿರಸಿಯವರೆಗೂ ಕಂಬಿ ಹಿಡಿದು ನಿಂತೇ ಹೋದೆ. ಅಷ್ಟು ದೊಡ್ಡ ರಾಣಿಗೆ ಕೂರಲು ಜಾಗ ಸಿಗಲಿಲ್ಲ.