ಖಾಯಂ ಆಗುವ ದಿನ

ಅಂದು ಡಬ್ಬಿಯಲ್ಲಿ ಬಿಳಿ ಸೀಮೆಸುಣ್ಣದ ಒಂದು ತುಂಡಾದರೂ ಇದ್ದಿದ್ದರೆ ಬೀರಸಿದ್ದಪ್ಪ ಸರ್‌ಗೆ ಈ ಪಾಡು ಬರುತ್ತಿರಲಿಲ್ಲ. ಕಾಲೇಜಿನ ಸಿಪಾಯಿ ತಂಗಿಯ ಮದುವೆಗೆ ರಜೆ ಹಾಕಿ ಹೋಗಿದ್ದ. ಕಪಾಟಿನ ಕೀಲಿಯೂ ಅವನ ಉಡಿದಾರಕ್ಕೆ ಕಟ್ಟಿಕೊಂಡು ಅದೇ ಮದುವೆಗೆ ಹೋಗಿತ್ತು. ಮೇಜಿನ ಮೇಲೆ ಉಳಿದದ್ದು ಭೂಗೋಳದವರು ನಕಾಶೆ ತೆಗೆಯಲು ಇಟ್ಟುಕೊಂಡ ಕೆಂಪು ತುಂಡುಗಳು ಮಾತ್ರ. ಪಾಠವೋ, ಕಾರ್ಲ್ ಮಾರ್ಕ್ಸನದು.

ಗೋಕಾಕದಲ್ಲಿ ಆ ಕಾಲೇಜು ತೆರೆದು ಎರಡು ವರ್ಷವಾಗಿತ್ತು. ಬೀರಸಿದ್ದಪ್ಪ ಅಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ. ಘೋಡಗೇರಿಯ ಕುರಿ ಕಾಯುವ ಮನೆತನದ ಮಗ. ಹಿಂಡಿನ ಹಿಂದೆ ಕೋಲು ಹಿಡಿದು ನಡೆಯಬೇಕಾದವನಿಗೆ ಧಾರವಾಡದ ಬೋರ್ಡಿಂಗಿನವರು ಎಂ.ಎ. ತನಕ ಅನ್ನ ಹಾಕಿದ್ದರು, ಈ ಕಾಲೇಜಿನವರು ಕರೆದು ಕುರ್ಚಿ ಕೊಟ್ಟಿದ್ದರು. ಆ ಋಣವನ್ನು ಅವನು ಒಂದು ದಿನವೂ ಮರೆತವನಲ್ಲ. ಬೆಳಿಗ್ಗೆ ತರಗತಿಯ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಒಳಗೆ ಕಾಲಿಡುತ್ತಿದ್ದ.

ಆದರೆ ಸುಳ್ಳು ಯಾಕೆ ಹೇಳಬೇಕು, ಪಾಠ ಮಾಡುವಾಗ ಅವನ ತಕ್ಕಡಿ ನೆಟ್ಟಗಿರುತ್ತಿರಲಿಲ್ಲ. ಪುಸ್ತಕದಲ್ಲಿ ನಾಲ್ಕು ಜನ ಪಂಡಿತರ ವಿಚಾರಗಳಿದ್ದವು. ಮೂವರನ್ನು ಒಂದೇ ವಾರದಲ್ಲಿ ದಾಟಿಸಿ ಮಾರ್ಕ್ಸನ ಹತ್ತಿರ ಬಂದಾಗ ಅವನ ಗಾಡಿ ಅಲ್ಲಿಯೇ ಎತ್ತು ಬಿಚ್ಚಿಕೊಂಡು ನಿಂತುಬಿಡುತ್ತಿತ್ತು. ಹೋದ ವರ್ಷ ದೀಪಾವಳಿಗೆ ಶುರುವಾದ ಮಾರ್ಕ್ಸ್ ಎಳ್ಳಮವಾಸ್ಯೆ ಬಂದರೂ ಮುಗಿದಿರಲಿಲ್ಲ. ಇದು ತನ್ನ ಒಲವು ಅಂತ ಅವನಿಗೆ ಅನ್ನಿಸಿರಲೇ ಇಲ್ಲ. ಪಾಠವೇ ತುಸು ದೊಡ್ಡದು ಅಂತ ತಿಳಿದಿದ್ದ.

ಹಾಗೇ ನಡೆದುಹೋಗುತ್ತಿತ್ತೋ ಏನೋ. ಆದರೆ ಆ ದಿನ ಅವನು ಹಲಗೆಯ ತುಂಬ ಕೆಂಪಕ್ಷರದಲ್ಲಿ ‘ಉಳುವವನೇ ಹೊಲದ ಒಡೆಯ’ ಎಂದು ಬರೆದ. ಒರೆಸುವ ಬಟ್ಟೆಯೂ ಕಪಾಟಿನಲ್ಲೇ ಇದ್ದುದರಿಂದ ಹಾಗೇ ಬಿಟ್ಟು ಹೊರಬಿದ್ದ. ಮುಂದಿನ ತಾಸು ಇತಿಹಾಸದ ಸತ್ಯಪ್ಪ ಸರ್ ಅವರದು. ಅವರು ಹಲಗೆಯನ್ನು ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಸಂಜೆ ಬಸ್ಸು ಹಿಡಿದು ಮೂಡಲಗಿಗೆ ಹೋಗಿ, ಕಾಲೇಜು ಕಮಿಟಿಯ ಚೇರಮನ್ ಅಪ್ಪಣ್ಣ ಸಾವಕಾರರ ಬೆಲ್ಲದ ಅಂಗಡಿಯಲ್ಲಿ ಕೂತು ಚಹಾ ಕುಡಿದು ಬಂದರು. ಆ ವಾರವೇ ನೋಟೀಸು ಬಂತು. ಹುಡುಗರ ತಲೆಯಲ್ಲಿ ರಾಜಕೀಯ ತುಂಬುತ್ತೀರೆಂದು ದೂರಿದೆ, ಸೋಮವಾರ ವಿಚಾರಣೆ, ನಿಮ್ಮನ್ನು ಖಾಯಂ ಮಾಡುವ ವಿಷಯವೂ ಅಂದೇ ತೀರ್ಮಾನ ಎಂದಿತ್ತು.

ಖಾಯಂ ಎಂಬ ಆ ಒಂದು ಮಾತಿಗೆ ಬೀರಸಿದ್ದಪ್ಪನ ಸಂಸಾರವೇ ಜೋತುಬಿದ್ದಿತ್ತು. ಹೋದ ವರ್ಷ ಅವನಿಗೆ ಕಣಗಲಾ ಊರಿನ ರಾಯವ್ವನ ಜೊತೆ ಮದುವೆಯಾಗಿತ್ತು. ಮಾವ ಲಗಮಪ್ಪ ಮಾತ್ರ ಖಡಕ್ ಮನುಷ್ಯ. “ನೌಕರಿ ಖಾಯಂ ಆಗಲಿ ಅಳಿಯಂದ್ರ, ಮರುದಿನಾನ ಮಗಳನ್ನ ಕಳಸ್ತೀನಿ. ಅಲ್ಲೀತನಕಾ ಹಬ್ಬಕ್ಕ ಬರ್ರಿ, ಹೋಳಿಗಿ ಉಣ್ರಿ, ಹೋಗ್ರಿ,” ಅಂದುಬಿಟ್ಟಿದ್ದ. ಬೀರಸಿದ್ದಪ್ಪ ವರ್ಷವಿಡೀ ಹೋಳಿಗೆ ಉಂಡು ಒಬ್ಬನೇ ತಿರುಗಿ ಬರುತ್ತಿದ್ದ.

ಸೋಮವಾರ ಬೆಳಗಾಗುತ್ತಲೇ ಮನೆಯ ಮಾಲಕಿ ಸಾವಂತ್ರೆವ್ವ ಬಾಗಿಲು ತಟ್ಟಿದಳು. ವಿಚಾರಣೆಯ ಸುದ್ದಿ ಓಣಿಗೆಲ್ಲ ಗೊತ್ತಾಗಿತ್ತು.

“ಸರ, ಕೆಂಪು ಅಂಬೂದೇನೂ ಇವತ್ತ ಮೈಮ್ಯಾಲೆ ಕಾಣಬಾರದ ನೋಡ್ರಿ,” ಎಂದು ತೀರಿಹೋದ ಗಂಡನ ಟ್ರಂಕಿನಿಂದ ಖಾದಿ ಧೋತರ, ಖಾದಿ ಅಂಗಿ, ಬಿಳಿ ಟೋಪಿ ತೆಗೆದುಕೊಟ್ಟಳು. “ನಮ್ಮವರು ಇದನ್ನ ಹಾಕ್ಕೊಂಡ ಕೋರ್ಟಿಗೆ ಹೋದ್ರ ಜಡ್ಜ್ ಸಾಹೇಬ್ರೂ ಎದ್ದು ನಿಲ್ಲತಿದ್ರು.”

ಆಕೆಯ ಗಂಡ ಆರಡಿ ಆಳು. ಅಂಗಿ ಬೀರಸಿದ್ದಪ್ಪನ ಮೊಳಕಾಲು ಮುಟ್ಟಿತು, ಟೋಪಿ ಕಿವಿಯ ಮೇಲೆ ಬಂದು ಕೂತಿತು. ಹಣೆಯ ಕುಂಕುಮವೂ ಕೆಂಪೇ ಅಲ್ಲವೇ ಎಂದು ಬಾಜೂ ಮನೆಯ ಮುದುಕಿ ತನ್ನ ಸೆರಗಿನಿಂದ ಒರೆಸಿದಳು. ಎಲೆ ಅಡಿಕೆ ಹಾಕಬೇಡಿ, ತುಟಿ ಕೆಂಪಾಗುತ್ತದೆ ಎಂದು ಎದುರು ಮನೆಯವನು ಕಟ್ಟೆಯ ಮೇಲಿಂದಲೇ ಹೇಳಿದ. ಇಷ್ಟು ಜನ ತನಗಾಗಿ ಇಷ್ಟು ವಿಚಾರ ಮಾಡುತ್ತಾರಲ್ಲ ಎಂದು ಬೀರಸಿದ್ದಪ್ಪ ಎಲ್ಲರಿಗೂ ಕೈಮುಗಿದ.

ಅಷ್ಟರಲ್ಲಿ ಸತ್ಯಪ್ಪ ಸರ್ ತಾವೇ ಬಂದರು. “ನಿಮ್ಮ ಮ್ಯಾಲೆ ಯಾರೋ ಚಾಡಿ ಹೇಳ್ಯಾರಂತ್ರಿ. ಕೇಳಿ ನನಗ ಭಾಳ ಕೆಟ್ಟ ಅನಸ್ತು. ಚಿಂತಿ ಮಾಡಬ್ಯಾಡ್ರಿ, ನಾ ನಿಮ್ಮ ಬಾಜೂಕ ನಿಂತು ಮಾತಾಡ್ತೀನಿ,” ಎಂದರು.

ಬೀರಸಿದ್ದಪ್ಪ ಅವರ ಎರಡೂ ಕೈ ಹಿಡಿದುಕೊಂಡ. “ನಿಮ್ಮಂಥವರು ಇದ್ದದ್ದಕ್ಕ ಮಳಿ ಬೆಳಿ ಆಗಾಕತ್ತಾವ ನೋಡ್ರಿ ಸರ,” ಅಂದ. ಸತ್ಯಪ್ಪ ಸರ್ ಕೈ ಬಿಡಿಸಿಕೊಂಡು, ಮುಂದೆ ಹೋಗಿರುತ್ತೇನೆ ಎಂದು ಬೇಗ ಬೇಗ ನಡೆದರು.

ಬಟ್ಟೆಗೆ ಧೂಳು ತಾಗದಂತೆ ಧೋತರದ ಚುಂಗು ಎತ್ತಿ ಹಿಡಿದು ಬೀರಸಿದ್ದಪ್ಪ ಕಾಲೇಜಿನ ದಾರಿ ಹಿಡಿದ. ಬಸ್‌ಸ್ಟ್ಯಾಂಡ್ ದಾಟುತ್ತಲೇ ಹಲಗಿ ವಾದ್ಯ ಬಡಿಯುವ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಎತ್ತಿನ ಗಾಡಿ. ಗಾಡಿಯಲ್ಲಿ ಅವನ ಊರಿನವನೇ ಆದ ಮಾಲಿಂಗಪ್ಪ, ಹೆಂಡತಿ ಉದ್ದವ್ವ, ಬಳಗದ ಮಂದಿ. ಗಾಡಿಯ ಹಿಂದೆ ನಾಚಿಕೊಂಡು ನಡೆದು ಬರುತ್ತಿದ್ದವನು ಮಗ ಯಲ್ಲಾರಿ. ಈ ಯಲ್ಲಾರಿ ಬೀರಸಿದ್ದಪ್ಪನ ವಿದ್ಯಾರ್ಥಿ. ಮೊದಲ ಸಲ ನಪಾಸಾಗಿ, ಮತ್ತೆ ಕೂತು, ಈಗ ಪಾಸಾಗಿದ್ದ.

ಮಾಲಿಂಗಪ್ಪ ನಡುರಸ್ತೆಯಲ್ಲೇ ಬೀರಸಿದ್ದಪ್ಪನ ಕಾಲಿಗೆ ಬಿದ್ದ. “ಸರ, ನಮ್ಮ ಮನಿತನದಾಗ ಹೆಬ್ಬಟ್ಟ ಒತ್ತದಾಂವ ಇವನ ಮೊದಲಿಗ್ಯಾಂವ ನೋಡ್ರಿ. ಈ ಉಪಕಾರ ನಾವು ಹೆಂಗ ತೀರಸೂದ್ರಿ?”

“ಪರೀಕ್ಷಾ ಬರದಾಂವ ಅಂವಾ, ನಂದೇನೈತಿ? ಏಳ್ರಿ ಕಾಕಾ. ಈಗ ಅವಸರದ ಕೆಲಸ ಐತಿ, ಸಂಜಿಕೆ ಭೆಟ್ಟಿ ಆಗೂಣು.”

“ಸಂಜೀತನಕಾ ಯಾಕ್ರಿ,” ಎಂದು ಮಾಲಿಂಗಪ್ಪ ಮೇಲೆದ್ದು ಧೋತರದ ಉಡಿಗೆ ಕೈ ಹಾಕಿದ. ಕೈ ಹೊರಗೆ ಬಂದಾಗ ಅದರ ತುಂಬ ಕೆಂಪು ಗುಲಾಲು ಇತ್ತು.

ಮಾಲಿಂಗಪ್ಪ ಒಂದು ಹಿಡಿ ಎರಚಿದ ಮೇಲೆ ಬಳಗದವರು ಸುಮ್ಮನಿರುತ್ತಾರೆಯೇ. ಬೀರಸಿದ್ದಪ್ಪ ಕಣ್ಣು ತೆರೆದಾಗ ಸಾವಂತ್ರೆವ್ವನ ಗಂಡನ ಖಾದಿ ಅಂಗಿಯಲ್ಲಿ ಬೆರಳಗಲದಷ್ಟೂ ಬಿಳಿ ಉಳಿದಿರಲಿಲ್ಲ. ಉದ್ದವ್ವ ಗಾಡಿಯಿಂದ ಹೊಸ ಪಟಗಾ ಇಳಿಸಿದಳು. ಅದೂ ಕೆಂಪು. ಮಗನಿಗೆ ದಾರಿ ತೋರಿದವರ ತಲೆಗೆ ಕೆಂಪು ಪಟಗಾ ಸುತ್ತುವುದು ಅವರ ಬಳಗದ ಪದ್ಧತಿ. ಸುತ್ತಿಸಿಕೊಂಡವರು ಹೊತ್ತು ಮುಳುಗುವ ತನಕ ಅದನ್ನು ತೆಗೆಯಬಾರದು. ತೆಗೆದರೆ ಸುತ್ತಿದವರ ಮಾನ ತೆಗೆದ ಹಾಗೆ.

ಬೀರಸಿದ್ದಪ್ಪ ಅದೇ ಬಳಗದವನು, ಅವನಿಗೆ ಗೊತ್ತಿಲ್ಲದ್ದಲ್ಲ. ಅವನಪ್ಪನೂ ಒಮ್ಮೆ ಊರಿನ ಮಾಸ್ತರರಿಗೆ ಹೀಗೇ ಪಟಗಾ ಸುತ್ತಿ ಅತ್ತಿದ್ದ. ಮಾಲಿಂಗಪ್ಪನ ಒರಟು ಬೆರಳು ತಲೆಯ ಸುತ್ತ ಪಟಗಾ ಬಿಗಿಯುತ್ತಿರುವಾಗ ಬೀರಸಿದ್ದಪ್ಪನಿಗೆ ಒಂದು ಕಡೆ ವಿಚಾರಣೆಯ ಹೆದರಿಕೆ, ಇನ್ನೊಂದು ಕಡೆ ಹೇಳಲಾರದಷ್ಟು ಸಂತೋಷ. ತಲೆ ತುಸು ಬಗ್ಗಿಸಿ ಕೊಟ್ಟ. ಅವರು ಅವನನ್ನು ಗಾಡಿಗೆ ಹತ್ತಿಸಿ, ಹಲಗಿ ಬಾರಿಸುತ್ತ, ಸೀದಾ ವಿಚಾರಣೆಯ ಕೋಣೆಯ ಮುಂದೆ ತಂದು ಇಳಿಸಿದರು.

ಒಳಗೆ ಸಾವಕಾರರು ಕಮಿಟಿಯವರ ನಡುವೆ ಕೂತಿದ್ದರು. ಬಾಗಿಲಲ್ಲಿ ನಿಂತ ಆಕಾರವನ್ನು ಪಟಗಾದಿಂದ ಚಪ್ಪಲಿಯ ತನಕ ನೋಡಿದರು.

“ಬರ್ರಿ ಸರ, ಕೂಡ್ರಿ,” ಎಂದರು. “ಬರೇ ಬೋರ್ಡಿನ ಮ್ಯಾಲಿನ ಕೆಂಪು ಖಡುವಿನ ಮಾತು ಕೇಳಿ ಬಂದಿದ್ದೆ. ನೀವು ಏನೂ ಬಾಕಿ ಉಳಿಸಿಲ್ಲ ಬಿಡ್ರಿ.”

ಸತ್ಯಪ್ಪ ಸರ್ ಎದ್ದು, ಕೊಟ್ಟ ಮಾತಿನಂತೆ ಬೀರಸಿದ್ದಪ್ಪನ ಬಾಜೂಕ್ಕೇ ಬಂದು ನಿಂತರು. “ನಾ ಇವರ ಪರವಾಗೇ ಹೇಳ್ತೀನ್ರಿ. ಇವರು ಭಾಳ ಪ್ರಾಮಾಣಿಕ ಮನಷ್ಯಾರು. ಒಳಗ ಏನೈತ್ಯೋ ಅದನ್ನ ಹೊರಗೂ ತೋರಸ್ತಾರ.”

ಬೀರಸಿದ್ದಪ್ಪ, “ಅದು ಹಂಗಲ್ರಿ, ಇವರು ಪ್ರೀತೀಲೆ...” ಎಂದು ಬಾಯಿ ತೆರೆಯುವಷ್ಟರಲ್ಲಿ ಮಾಲಿಂಗಪ್ಪ ಯಾರೂ ಕರೆಯದೆ ಒಳಗೆ ಬಂದ. ಸರ್ ಮೇಲೆ ಏನೋ ಕುತ್ತು ಬಂದಿದೆ ಎಂದು ಅವನಿಗೆ ಹೊರಗೆ ಯಾರೋ ಹೇಳಿದ್ದರು. ಕೈಮುಗಿದು ಹೇಳಿದ:

“ಸಾವಕಾರ್ರ, ಈ ಸರ ನಮ್ಮ ಪಾಲಿನ ದೇವರ್ರಿ. ಹಡದಪ್ಪ ನಾ ಹೇಳಿದ್ದ ಕೇಳೂದಿಲ್ಲ ನನ್ನ ಮಗಾ, ಇವರು ಹೇಳಿದ್ದ ಕೇಳ್ತಾನ. ಇವನ ಅಲ್ರಿ, ಇವನ ದೋಸ್ತರೂ ಹಂಗ. ಸರ ಬಾವಿಗೆ ಜಿಗೀರಿ ಅಂದ್ರ ಎಲ್ಲಾರೂ ಜಿಗೀತಾರ.”

ಖಾಯಂ ಎಂಬುದು ತನ್ನ ಕೈಬಿಟ್ಟು ದೂರ ನಡೆದುಹೋಗುತ್ತಿರುವುದು ಬೀರಸಿದ್ದಪ್ಪನಿಗೆ ಕಂಡಿತು. ಸಾವಕಾರರು ಮಾತ್ರ ಮುಂದಕ್ಕೆ ಬಾಗಿದರು.

“ಹೌದಾ? ಅಷ್ಟು ಕೇಳ್ತಾರಾ? ಕರಿ ನಿನ್ನ ಮಗನ್ನ.”

ಯಲ್ಲಾರಿ ಬಂದು ಗೋಡೆಗೆ ಆತು ನಿಂತ. ಅವನ ಹಿಂದೆ ಕಿಟಕಿಯ ತುಂಬ ಹುಡುಗರ ಮುಖಗಳು.

“ಸರ ನಿಮಗ ಏನ ಕಲಿಸಿದ್ರಪಾ?”

“ಮಾರ್ಕ್ಸ್ ಅಂಬಾವಂದ ಕಲಿಸಿದ್ರಿ.”

“ಏನಂತಾನ ಅಂವಾ?”

ಯಲ್ಲಾರಿ ತಲೆ ಕೆರೆದುಕೊಂಡ. “ಜರ್ಮನಿಯಾಂವ್ರಿ. ದಾಡಿ ಬಿಟ್ಟಿದ್ದನ್ರಿ.”

“ಮತ್ತ?”

“ದಾಡಿ ಭಾಳ ದೊಡ್ಡದಿತ್ರಿ.”

ಕಮಿಟಿಯವರಲ್ಲಿ ಒಬ್ಬರು ನಕ್ಕರು. ಸಾವಕಾರರು ಬಿಡಲಿಲ್ಲ. “ಹೊಲ ಯಾರದು ಆಗಬೇಕು ಅಂತ ಹೇಳಿದ್ರು?”

“ಹೇಳಿರಬೇಕ್ರಿ. ಪರೀಕ್ಷಾದಾಗ ಬರದೆ, ಪಾಸಾದೆ, ಮರತೆ. ಈಗ ತಲ್ಯಾಗ ಏನೂ ಇಲ್ರಿ.”

“ಓಟು ಯಾರಿಗೆ ಹಾಕ್ತಿ?”

“ಅಪ್ಪ ಹೇಳಿದಾಂವಗ್ರಿ.”

“ನಿಮ್ಮಪ್ಪ?”

“ಗೌಡ್ರು ಹೇಳಿದಾಂವಗ್ರಿ.”

ನೀವೇನಂತೀರಿ ಎಂದು ಸಾವಕಾರರು ಕಿಟಕಿಯ ಕಡೆ ನೋಡಿದರು. “ನಾವೂ ಹಂಗರಿ,” ಎಂದು ಎಲ್ಲ ಮುಖಗಳೂ ಒಟ್ಟಿಗೆ ಅಂದವು.

ಬೀರಸಿದ್ದಪ್ಪನಿಗೆ ಉಸಿರು ಬಂತು. ಉಸಿರಿನ ಜೊತೆಗೇ ಒಂದು ಸಂಕಟವೂ ಬಂತು. ಗಂಟಲು ಹರಿಯುವಂತೆ ಕೂಗಿ ಕಲಿಸಿದ್ದರಲ್ಲಿ ಇವರಿಗೆ ಉಳಿದದ್ದು ದಾಡಿಯೊಂದೇ. ಆದರೂ ನೌಕರಿ ಉಳಿಯಿತು, ನಾಳೆ ಸಂಜೆಯ ಹೊತ್ತಿಗೆ ರಾಯವ್ವ ಬಂದಾಳು ಎಂದು ನೆನೆದು, ದಡ್ಡ ಹುಡುಗರನ್ನು ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಕೈಮುಗಿದ.

ಸಾವಕಾರರು ಕೈಯಲ್ಲಿದ್ದ ಪೆನ್ನಿಗೆ ಟೊಪ್ಪಿಗೆ ಹಾಕಿ ಕಿಸೆಯಲ್ಲಿಟ್ಟರು. “ದೂರು ಸುಳ್ಳು. ಈ ಸರ ಯಾರ ತಲ್ಯಾಗೂ ಏನೂ ತುಂಬಿಲ್ಲ,” ಎಂದರು. ಮಾಲಿಂಗಪ್ಪ ಚಪ್ಪಾಳೆ ತಟ್ಟಿದ. ಸತ್ಯಪ್ಪ ಸರ್ ಮುಖ ಸಣ್ಣದಾಯಿತು.

“ಆದ್ರ ಸರ, ಖರೆ ಹೇಳ್ತೀನಿ, ನನಗ ಭಾಳ ನಿರಾಶಿ ಆತು,” ಎಂದು ಸಾವಕಾರರು ಮಾತು ಮುಂದುವರಿಸಿದರು. “ಬರೂ ಚುನಾವಣ್ಯಾಗ ನಮ್ಮ ಬೀಗರು ನಿಂತಾರ. ಒಬ್ಬ ಸರ ಇಡೀ ಕಾಲೇಜಿನ ಹುಡುಗೂರನ್ನ ತನ್ನ ಕಡೆ ಹೊಳ್ಳಿಸ್ಯಾನ ಅಂತ ಸುದ್ದಿ ಬಂದಾಗ, ಇಂಥಾಂವ ಬೇಕಪಾ ನಮಗ ಅಂದಕೊಂಡೆ. ಆ ಕಡೆ ಹೊಳ್ಳಿಸಾಂವ ಈ ಕಡೆನೂ ಹೊಳ್ಳಿಸ್ತಾನ. ಇವತ್ತ ನಿಮ್ಮನ್ನ ಖಾಯಂ ಮಾಡಿ, ಪಗಾರ ಏರಿಸಿ, ಜೀಪಿನ್ಯಾಗ ಹುಕ್ಕೇರಿ ಕಡೆ ಪ್ರಚಾರಕ್ಕ ಕಳಸೂಣು ಅಂತ ಬಂದಿದ್ದೆ. ನೀವು ನೋಡಿದ್ರ ಒಂದ ಹುಡುಗನ್ನೂ ಅಲ್ಲಾಡಿಸಿಲ್ಲ. ಇನ್ನೂ ಒಂದ ವರ್ಷ ಹಂಗಾಮಿ ಇರ್ರಿ. ಮನಸ್ಸಿಗೆ ನಾಟೂವಂಗ ಕಲಸೂದ ಕಲೀರಿ.”

ಸಾವಕಾರರು ಎದ್ದು ಹೊರಡುವಾಗ ಯಲ್ಲಾರಿಯ ಹೆಗಲ ಮೇಲೆ ಕೈ ಹಾಕಿದರು. “ನೀ ಬಾರೋ ನನ್ನ ಜೋಡಿ. ನೀ ಒಂದ ಮಾತ ಅಂದ್ರ ಕಿಟಕ್ಯಾಗಿನ ಹುಡುಗೂರೆಲ್ಲಾ ಹೂಂ ಅಂದ್ರು. ತಲ್ಯಾಗ ಏನೂ ಇಲ್ಲ ಅಂದ್ರ ನಾವು ಕೊಟ್ಟದ್ದ ತುಂಬಾಕ ಜಾಗಾ ಭಾಳ ಐತಿ.” ಇಬ್ಬರೂ ಅಂಗಳದಲ್ಲಿ ನಿಂತ ಜೀಪಿನ ಹತ್ತಿರ ಮಾತಾಡುತ್ತ ಹೋದರು.

ಬೀರಸಿದ್ದಪ್ಪ ಬೇವಿನ ಮರದ ಕಟ್ಟೆಗೆ ಬಂದು ಕೂತ. ಮಾವನಿಗೆ ಏನು ಹೇಳಬೇಕು, ರಾಯವ್ವನಿಗೆ ಏನು ಹೇಳಬೇಕು ಎಂದು ಯೋಚಿಸುತ್ತಿರುವಾಗ ಯಲ್ಲಾರಿ ಮರಳಿ ಬಂದ. ಅತ್ತಿತ್ತ ನೋಡಿ, ಬಾಗಿ ಕಾಲು ಮುಟ್ಟಿದ.

“ಸರ, ಸಿಟ್ಟಾಗಬ್ಯಾಡ್ರಿ. ಒಳಗ ಹೇಳಿದ್ದೆಲ್ಲಾ ಸುಳ್ಳರಿ. ನಿಮ್ಮ ನೌಕರಿ ಉಳಸಾಕ ನಾವೆಲ್ಲಾ ಹೊರಗ ಮೊದಲ ಮಾತಾಡಿಕೊಂಡಿದ್ವಿ. ನೀವು ಕಲಿಸಿದ್ದು ಒಂದ ಅಕ್ಷರ ಮರತಿಲ್ರಿ,” ಎಂದು, ದೀಪಾವಳಿಯಿಂದ ಎಳ್ಳಮವಾಸ್ಯೆಯ ತನಕದ ಪಾಠವನ್ನು ಒಂದೇ ಉಸಿರಿಗೆ ಒಪ್ಪಿಸಿದ. ಹೊಲದ ಮಾತು, ಕೂಲಿಯ ಮಾತು, ಯಾವುದನ್ನೂ ಬಿಡಲಿಲ್ಲ. ಸರ್ ಮಾತಿನ ನಡುವೆ ಕೆಮ್ಮುತ್ತಿದ್ದ ಜಾಗದಲ್ಲಿ ಅವನೂ ಕೆಮ್ಮಿದ.

ಬೀರಸಿದ್ದಪ್ಪನ ಕಣ್ಣು ತುಂಬಿದವು. ಹುಟ್ಟಿದಾಗಿನಿಂದ ಅವನಿಗೆ ಇಷ್ಟು ಸಂತೋಷ ಆಗಿರಲಿಲ್ಲ. ಈಗಲೇ ಓಡಿಹೋಗಿ ಸಾವಕಾರರ ಮುಂದೆ ಈ ಹುಡುಗನನ್ನು ನಿಲ್ಲಿಸಬೇಕು ಎಂದು ಎದ್ದೇಬಿಟ್ಟ. ಎರಡು ಹೆಜ್ಜೆ ಇಟ್ಟವನಿಗೆ, ಹೇಳಿದರೆ ದೂರು ಖರೆಯಾಗಿ ಸುಳ್ಳು ಹೇಳಿದ ಹುಡುಗರೂ ಸಿಕ್ಕಿಬೀಳುತ್ತಾರೆ, ಹೇಳದಿದ್ದರೆ ರಾಯವ್ವ ಇನ್ನೊಂದು ವರ್ಷ ಅಪ್ಪನ ಮನೆಯಲ್ಲೇ ಎಂಬುದು ಹೊಳೆಯಿತು. ಮತ್ತೆ ಕಟ್ಟೆಗೆ ಬಂದು ಕೂತ.

“ಇರಲಿ ಬಿಡೋ ಯಲ್ಲಾರಿ,” ಎಂದ. “ನೀವು ಇಷ್ಟು ಮಾಡಿದಿರಲ್ಲ, ನನಗ ಅಷ್ಟ ಸಾಕು. ಸಾವಕಾರ್ರು ಏನಂದ್ರು?”

“ಜೀಪ ಕೊಟ್ಟಾರ್ರಿ, ಅದರ ಮ್ಯಾಲೆ ಕಟ್ಟಾಕ ಮೈಕಿನ ಭೋಂಗಾ ಕೊಟ್ಟಾರ್ರಿ. ನಾಳಿಂದ ಹುಕ್ಕೇರಿ ತಾಲೂಕಿನ್ಯಾಗ ಹಳ್ಳಿ ಹಳ್ಳಿಗೆ ಹೋಗಿ ಭಾಷಣಾ ಮಾಡಬೇಕ್ರಿ. ನನಗ ಬರೂ ಭಾಷಣಾ ಒಂದರಿ ಸರ, ನೀವು ಕಲಿಸಿದ್ದು. ಅದನ್ನ ಮಾಡ್ತೀನ್ರಿ.”

ಬೀರಸಿದ್ದಪ್ಪ ಅವನ ಕೈ ಗಟ್ಟಿಯಾಗಿ ಹಿಡಿದ. “ಬ್ಯಾಡೋ ತಮ್ಮಾ. ಸಾವಕಾರ್ರ ಜೀಪಿನ್ಯಾಗ ನಿಂತು ಅದನ್ನ ಹೇಳಿದ್ರ, ಯಾರು ಕಲಿಸಿದ್ರಲೇ ನಿನಗ ಅಂತ ಅವರು ಕೇಳೂದಿಲ್ಲೇನು?”

“ಕೇಳಲೇಳ್ರಿ,” ಎಂದ ಯಲ್ಲಾರಿ ಎದೆಯುಬ್ಬಿಸಿ. “ನಿಮ್ಮ ಹೆಸರ ಮೊದಲ ಹೇಳ್ತೀನ್ರಿ ಸರ. ಉಪಕಾರ ಮರಿಯೂ ಮಂದಿ ಅಲ್ರಿ ನಾವು.”