ಮುದ್ದೆ ಅಗಿದ ಮೇಷ್ಟ್ರು

ಪಾಠ ಮಾಡೋದು ಸುಲಭ ಕಣ್ರಿ, ಅದನ್ನ ತಟ್ಟೆ ಮುಂದೆ ಕೂತು ಪಾಲಿಸೋಕೆ ಹೋದ್ರೇ ಫಜೀತಿ. ನಾನು ಹನೂರು ಕಡೆ ವಿಜ್ಞಾನದ ಮೇಷ್ಟ್ರು. ಮನೇಲಿ ನನಗೆ ಹೆಣ್ಣು ಹುಡುಕ್ತಿದ್ದ ಆ ವರ್ಷ ಇಂಥದ್ದು ಒಂದರ ಹಿಂದೆ ಒಂದು ನಡೀತು.

೧. ಹೊಟ್ಟೆಗೂ ಕೆಲಸ ಬೇಕಲ್ಲ

"ಜೀರ್ಣಕ್ರಿಯೆ ಬಾಯಲ್ಲೇ ಶುರು. ಹಲ್ಲು ಅರೆಯುತ್ತೆ, ಜೊಲ್ಲು ಪಿಷ್ಟವನ್ನ ಸಕ್ಕರೆ ಮಾಡುತ್ತೆ. ಆಮೇಲೆ ಜಠರ ಆಮ್ಲ ಸುರಿದು ಕಡೆಯುತ್ತೆ" ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದಳು.

"ಸಾ, ನಾವು ಮುದ್ದೆ ನುಂಗ್ತೀವಲ್ಲ, ಹಲ್ಗೆ ತಾಗ್ಸದೇ ಇಲ್ವಲ್ಲ?"

"ತಪ್ಪಮ್ಮ, ಅದನ್ನೂ ಅಗೀಬೇಕು."

"ಎಲ್ಲಾನೂ ಬಾಯೇ ಮಾಡ್ಬುಟ್ರೆ ಒಟ್ಟೆ ಸುಮ್ನೆ ಕುಂತ್ಕಂಡು ಏನ್ ಮಾಡದು ಸಾ?"

ಕ್ಲಾಸೆಲ್ಲ ಗೊಳ್ಳೆಂದಿತು. ನನಗೆ ಹಠ ಬಂತು. ಅವತ್ತಿಂದ ಮುದ್ದೇನ ಅಗಿದು ಅಗಿದೇ ತಿನ್ನೋಕೆ ಶುರು ಮಾಡಿದೆ.

೨. ಯಳಂದೂರಿನ ಅಜ್ಜಿ

ಯಳಂದೂರಿಗೆ ಹೆಣ್ಣು ನೋಡೋಕೆ ಹೋದ್ವಿ. ಊಟದ ಹೊತ್ತು, ಅವರು ಬಿಡಲಿಲ್ಲ. ಬಿಸಿ ಮುದ್ದೆ, ಉಪ್ಸಾರು. ನಾನು ತುತ್ತು ಬಾಯಿಗಿಟ್ಟು ನಿಧಾನಕ್ಕೆ ಅಗೀತಾ ಕೂತೆ. ಹುಡುಗಿಯ ಅಜ್ಜಿ ಬಾಗಿಲಲ್ಲಿ ನಿಂತು ನನ್ನ ದವಡೆಯನ್ನೇ ನೋಡ್ತಿದ್ದರು.

"ಯಾಕಪ್ಪಾ, ಮುದ್ದೇಲಿ ಕಲ್ಲು ಸಿಕ್ತಾ?"

"ಇಲ್ಲ ಅಜ್ಜಿ, ಅಗಿದ್ರೆ ಚೆನ್ನಾಗಿ ಅರಗುತ್ತೆ."

ಅಜ್ಜಿ ಮಗನ ಕಡೆ ತಿರುಗಿದರು. "ಮುದ್ದೆ ಅರಗಿಸ್ಕಳಕ್ಕೇ ಇಷ್ಟು ಒದ್ದಾಡೋನು, ನಮ್ಮುಡ್ಗಿ ಮಾತ ಎಂಗ್ಲಾ ಅರಗಿಸ್ಕಂಡಾನು?"

ಸಂಬಂಧ ಅಲ್ಲಿಗೇ ಮುರೀತು.

೩. ಧನಗೆರೆಯಲ್ಲಿ ಬಾಯಿ ಬರಲಿಲ್ಲ

ಧನಗೆರೆಯ ಹುಡುಗಿ ನೋಡಿದ ಕೂಡಲೇ ಹಿಡಿಸಿಬಿಟ್ಟಳು. ಇದೂ ತಪ್ಪಿದ್ರೆ ನನಗೆ ಉಳಿಗಾಲವಿಲ್ಲ ಅನ್ನಿಸ್ತು. ಊಟಕ್ಕೆ ಎಲೆ ಹಾಕಿದಾಗ ನಮ್ಮವ್ವ ನನ್ನ ಕಿವೀಲಿ, "ಲೇ, ಇವತ್ತೊಂದಿನ ನುಂಗ್ಬುಡ್ಲಾ, ಪುಣ್ಯ ಬತ್ತದೆ" ಅಂದಳು. ಸರಿ ಅಂತ ದೊಡ್ಡ ತುತ್ತೇ ಬಾಯಿಗಿಟ್ಟೆ. ಹಾಳಾದ ಅಭ್ಯಾಸ, ದವಡೆ ತಾನಾಗೇ ಆಡ್ತು. ಮುದ್ದೆ ಹಲ್ಲಿಗೂ ಅಂಗುಳಕ್ಕೂ ಅಂಟಿ ಕೂತಿತು. ಅದೇ ಗಳಿಗೇಲಿ ಹುಡುಗಿಯ ಅಪ್ಪ ಕೇಳಬೇಕೇ, "ಏನ್ ಮೇಷ್ಟ್ರೇ, ನಮ್ಮುಡ್ಗಿ ಒಪ್ಗೇನಾ?"

ಬಾಯಿ ಬಿಡೋಕಾಗ್ತಿಲ್ಲ. ಹೂಂ ಅನ್ನೋ ಹಾಗೆ ತಲೆ ಆಡಿಸಿದೆ. ಬಿಕ್ಕಳಿಕೆ ಬಂತೇನೋ ಅಂತ ನೀರು ಕೊಟ್ಟರು. ಇನ್ನೂ ಜೋರಾಗಿ ಆಡಿಸಿದೆ. ಅವ್ವ ಬೆನ್ನಿಗೆ ಗುದ್ದಿದಳು.

ಹುಡುಗಿಯ ಅಪ್ಪನ ಮುಖ ಸಣ್ಣದಾಯ್ತು. "ಒಪ್ಗೆ ಇಲ್ದಿದ್ರೆ ಯೋಳ್ಬುಡಿ, ನಾವೇನ್ ಬೇಜಾರ್ ಮಾಡ್ಕಳಲ್ಲ."

ನನ್ನ ಕಣ್ಣಲ್ಲಿ ನೀರೇ ಬಂತು. ಸಾರಿನ ಪಾತ್ರೆ ಹಿಡಿದು ಬಂದ ಹುಡುಗಿ ಒಂದು ಗಳಿಗೆ ನನ್ನ ನೋಡಿದಳು, ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನಂಗೊಪ್ಗೆ. ಎದುರು ಮಾತಾಡ್ದೆ ಇರೋ ಗಂಡು ಇನ್ನೆಲ್ ಸಿಕ್ಕದು? ಇವ್ರು ಬಾಯ್ ಬುಡಕ್ ಮುಂಚೆ ತಾಂಬೂಲ ಬದಲಾಯ್ಸ್ಬುಡಿ!"