ಮಾರಿದ ಮೋಟಾರಿನ ಹಗ್ಗ

ಮುಂಜಾನಿ ಎದ್ದು ಯಾರ ಮಾರಿ ನೋಡತಿದ್ನೋ ಏನೋ, ಆ ಮೋಟಾರ್ ಮಾರೋ ದಿನಮಾನದಾಗ ನಾನು ಹೊಸ್ತಿಲಾ ದಾಟಿದ್ರ ಸಾಕು, ಏನಾರ ಒಂದು ಫಜೀತಿ ನನ್ನ ಹಾದಿ ಕಾಯ್ಕೋತ ಕುಂತಿರತಿತ್ತು. ಆಗ ಕಣ್ಣಾಗ ನೀರು ಬರತಿದ್ವು. ಈಗ ಹೇಳಾಕ ಕುಂತ್ರೂ ನೀರು ಬರತಾವ, ಆದ್ರ ನಕ್ಕು ನಕ್ಕು.

ಭೂಪಟದ ಗುಂಡುಸೂಜಿ

ನಮ್ಮೂರು ಬಂಕಾಪುರ. ಅಪ್ಪ ಒಕ್ಕಲುತನದಾಂವ. ನಾನು ಮ್ಯಾಟ್ರಿಕ್ ಮುಗಿಸಿ, ಹುಬ್ಬಳ್ಳಿಯೊಳಗ ಮೋಟಾರ್ ಹೊಡಿಯೂದು ಕಲ್ತು, ಒಂದು ವಿಲಾಯತಿ ಮೋಟಾರ್ ಕಂಪನಿ ಏಜೆನ್ಸಿಗೆ ನೌಕರಿಗೆ ಸೇರಿದ್ದೆ. ಇದು ಎರಡನೇ ಲಡಾಯಿಗೂ ಮೊದಲಿನ ಮಾತು. ಆಗ ಕಂಪನಿಗೆ ನಮ್ಮಂಥಾ ದೇಶಗಳ ಮ್ಯಾಲ ಎಲ್ಲಿಲ್ಲದ ಪ್ರೀತಿ ಹುಟ್ಟಿತ್ತು.

ಮುಂಬೈಯಿಂದ ಒಬ್ಬ ಬಿಳಿ ಸಾಹೇಬ ಬಂದ. ರಂಗೂನಿನಾಗ ಮಾರ್ಯಾನಂತ, ಕೊಲಂಬೋದಾಗ ಮಾರ್ಯಾನಂತ. ಗ್ವಾಡಿ ಮ್ಯಾಲ ಭೂಪಟ ಹಚ್ಚಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ನಾಲ್ಕು ಗುಂಡುಸೂಜಿ ಚುಚ್ಚಿದ. "ಇಷ್ಟು ಮಂದಿ ಅದಾರ, ಒಬ್ಬರ ಹತ್ರಾನೂ ಮೋಟಾರ್ ಇಲ್ಲ. ಎಂಥಾ ಮಾರ್ಕೆಟ್ ನೋಡು!" ಅಂದ.

"ಸಾಹೇಬ್ರ, ಹಾದಿನೂ ಇಲ್ಲರಿ," ಅಂದೆ.

"ಸಂಕ್ರಾಂತಿ ಆದ ಮ್ಯಾಲ ತಿರುಗಿ ಬರತೇನಿ. ಈ ನಾಲ್ಕು ತಾಲೂಕಿನ ಹಾದಿ ಮ್ಯಾಲ ನಮ್ಮ ಒಂದಾರ ಗಾಡಿ ಓಡೂದನ್ನ ನನ್ನ ಕಣ್ಣಿಲೇ ನೋಡಬೇಕು. ಇಲ್ಲಾಂದ್ರ ನೀ ಮನಿಗೆ ಹೋಗು."

ಮನಿಗೆ ಬಂದು ಅಪ್ಪಗ ಹೇಳಿದೆ. ಅಂವಗ ಮೊದಲಿಂದ ನನ್ನ ನೌಕರಿ ಮ್ಯಾಲ ನಂಬಿಗಿ ಇರಲಿಲ್ಲ. "ಏನ್ ಚಿಂತಿ ಮಾಡಬ್ಯಾಡೋ ತಮ್ಮಾ, ಹೊಲದಾಗ ಎತ್ತಿನ ಬಾಲ ನಿನ್ನ ದಾರಿ ಕಾಯಾಕತ್ತೈತಿ," ಅಂತ ಸಮಾಧಾನ ಮಾಡಿದ.

ಹಾನಗಲ್ಲಿನ ಕೆಸರು

ಮೊದಲು ಹೋದದ್ದು ಹಾನಗಲ್ ಕಡಿ ಒಬ್ಬ ಜಮೀನುದಾರ್ರ ಮನಿಗೆ. ನಮ್ಮ ಗಾಡಿ ಅಗ್ಗದ ನಮೂನಿದು. ಅದರ ಮಾರಿ ಮುಂದ ಕಬ್ಬಿಣದ ಹ್ಯಾಂಡಲ್ ಸಿಗಿಸಿ ಗರಗರ ತಿರುವಿದ್ರನ ಅದಕ್ಕ ಜೀವ ಬರತಿತ್ತು. ತಿರುವಿ ಸುರು ಮಾಡಿ, ಬೆವರು ಒರಸ್ಕೊಂಡು ನಿಂತೆ.

ಯಜಮಾನ್ರು ಗಾಡಿ ಸುತ್ತ ಮೂರು ಸುತ್ತು ತಿರುಗಿದ್ರು. ದೀಪಾ ಮುಟ್ಟಿ "ಕಣ್ಣು ಛಲೋ ಅದಾವ" ಅಂದ್ರು. ಹಿಂದ ಹೋಗಿ ಅಂಗೈಲೇ ಎರಡು ಏಟು ಹಾಕಿ "ಬೆನ್ನು ಗಟ್ಟಿ ಐತಿ" ಅಂದ್ರು. ಆಮ್ಯಾಲ ಎತ್ತಿಗೆ ನೋಡಿದಂಗ ಸುಳಿ ಎಲ್ಲೈತಿ ಅಂತ ಹುಡುಕಿದ್ರು. ಸುಳಿ ಇಲ್ಲರಿ ಅಂದೆ. "ಇಲ್ಲಾಂದ್ರ ದೋಷಾನೂ ಇಲ್ಲ, ಪಾಡಾತು. ಇನ್ನ ಕೆಸರಿನಾಗ ಇಳಸು, ನೋಡೂಣು."

"ಕೆಸರಿನಾಗ ಯಾಕ್ರಿ?"

"ಒಣ ನೆಲದಾಗ ಯಾವ ಎತ್ತಾದ್ರೂ ನಡೀತೈತಿ."

ಬ್ಯಾಡ ಅಂದ್ರ ಗಿರಾಕಿ ಹೋಗತಾನ. ದೇವ್ರ ಮ್ಯಾಲ ಭಾರ ಹಾಕಿ ನೆಲ್ಲಿನ ಗದ್ದಿಗೆ ಇಳಿಸಿದೆ. ಹತ್ತು ಮಾರು ಹೋಗಿ ಗಾಡಿ ಹೊಟ್ಟಿಮಟ ಹುಗದು ಕುಂತಿತು. ಊರ ಮಂದಿ ಎಲ್ಲಾ ಬಂದ್ರು, ನಕ್ಕರು, ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದ್ರು. ಕಡೀಕ ಬಾಜೂ ಹೊಲದ ರೈತ ಒಬ್ಬಾಂವ ತನ್ನ ಜೋಡಿ ಎತ್ತು ಹೂಡಿ, ಹುಯ್ ಅಂದು ಒಂದ ಎಳತಕ್ಕ ದಂಡಿಗೆ ತಂದಿಟ್ಟ.

ಯಜಮಾನ್ರು ಗಾಡಿ ನೋಡಿದ್ರು, ಎತ್ತು ನೋಡಿದ್ರು. ಅಲ್ಲೇ ನಿಂತು ಆ ಎತ್ತು ವ್ಯಾಪಾರ ಮಾಡಿ ಮುಗಿಸಿದ್ರು. ರೈತ ಎತ್ತು ಕೊಟ್ಟು, ಹಗ್ಗ ಬಿಚ್ಚಿ ಸುತ್ತಿ ಹೆಗಲಿಗೆ ಹಾಕ್ಕೊಂಡು, ನನ್ನ ಕೈಯಾಗ ಒಂದು ತೆಂಗಿನಕಾಯಿ ಇಟ್ಟ.

"ಇದ್ಯಾಕಪ್ಪಾ?" ಅಂದೆ.

"ತಗೋರಿ. ನಿಮ್ಮದು ಹುಗೀಲಿಲ್ಲಾ ಅಂದಿದ್ರ ನಂದು ಮಾರಾಟ ಆಗತಿತ್ತೇನು?"

ಶಿಗ್ಗಾಂವಿ ಅವ್ವಾರು

ಶಿಗ್ಗಾಂವಿಯೊಳಗ ಕಾಳಿನ ವ್ಯಾಪಾರಿ ಒಬ್ಬರು ತಗೋಳಾಕ ತಯಾರ ಇದ್ರು. ಆದ್ರ ಆ ಮನ್ಯಾಗ ಅವರ ಅವ್ವಾರ ಮಾತ ಕಡೀ ಮಾತು. ಅವರು ಬಾಗಲದಾಗ ನಿಂತು ನನ್ನ ಪಂಚನಾಮಿ ಸುರು ಮಾಡಿದ್ರು.

"ಇದು ಏನ್ ತಿಂತೈತೋ ತಮ್ಮಾ?"

"ಪೆಟ್ರೋಲ್ ರಿ ಅವ್ವಾರ. ಹುಬ್ಬಳ್ಳಿಯಿಂದ ಡಬ್ಬಿಯೊಳಗ ತರಬೇಕು."

"ದುಡಿಲಾರದ ದಿನಾನೂ ತಿಂತೈತೇನು?"

"ಇಲ್ಲರಿ," ಅಂದೆ, ಎದಿ ಉಬ್ಬಿಸಿ.

"ಶೆಗಣಿ?"

"ಹಾಕೂದಿಲ್ಲರಿ. ಹಿಂದಿಂದ ಬರೇ ಹೊಗಿ ಬಿಡತೈತಿ."

ಅವ್ವಾರು ಕಟ್ಟಿ ಕಡಿ ಹೊಳ್ಳಿ ನೋಡಿದ್ರು. ಅಲ್ಲಿ ಅವರ ಯಜಮಾನ್ರು ಉಂಡು, ಕಂಬಕ್ಕ ಆನಿಕೊಂಡು, ಚುಟ್ಟಾ ಸೇದಿಕೋತ ಕುಂತಿದ್ರು. "ತಿಂದು ಹೊಗಿ ಬಿಡಾವರು ನಮ್ಮನ್ಯಾಗ ಮೊದಲ ಒಬ್ಬರು ಅದಾರ. ಇನ್ನೊಂದು ಯಾಕ?" ಅಂದು ಒಳಗ ಹೋದ್ರು.

ಸವಣೂರಿನ ಎಲಿ

ಸವಣೂರಿನಾಗ ವೀಳ್ಯದೆಲಿ ವ್ಯಾಪಾರಿ ಖಾನ್ ಸಾಹೇಬ್ರು. ಭಾಳ ಅದಬಿನ ಮನಷ್ಯಾ. ನನ್ನ ನೋಡಿದ ಕೂಡ್ಲೆ "ಬರ್ರಿ, ಕುಂದರ್ರಿ" ಅಂದು ಚಹಾ ಕುಡಿಸಿದ್ರು, ಖಾರಾ ತಿನಿಸಿದ್ರು. "ಗಾಡಿ ಪಸಂದ ಐತಿ. ಆದ್ರ ನನ್ನ ಎಲಿಗೆ ಪಸಂದ ಆಗತೈತೋ ಇಲ್ಲೋ ನೋಡಬೇಕಲ್ಲ? ಚಕ್ಕಡಿಯೊಳಗ ಹೋದ್ರ ಅರ್ಧಾ ಎಲಿ ಬಾಡತಾವ."

ನ್ಯಾಯದ ಮಾತು. ಮಂಗಳವಾರ ಎಲಿ ಬುಟ್ಟಿ ಹೇರಿಕೊಂಡು ಹುಬ್ಬಳ್ಳಿಗೆ ಮುಟ್ಟಿಸಿದೆ. ಒಂದೂ ಬಾಡಿರಲಿಲ್ಲ. ಖಾನ್ ಸಾಹೇಬ್ರು "ಮಾಶಾ ಅಲ್ಲಾ!" ಅಂದ್ರು. "ಆದ್ರ ಇವತ್ತ ತಂಪು ಇತ್ತು. ಬಿಸಲಾಗ ಹೆಂಗೋ?" ಮುಂದಿನ ಮಂಗಳವಾರ ಬಿಸಲಾಗ ಒಯ್ದೆ. ಅದರ ಮುಂದಿನ ವಾರ ಮಳಿಯಾಗ. ನಾಲ್ಕನೇ ವಾರ ಗಾಳಿಯಾಗ. ನನ್ನ ಗಾಡಿ ತುಂಬ ಎಲಿ ವಾಸನಿ. ಕುಂತ್ರ ಅಡಿಕಿ ಸುಣ್ಣ ನೆನಪಾಗತಿತ್ತು.

ಐದನೇ ವಾರ ತಡಿಲಾರದ ಕೇಳಿದೆ. "ಖಾನ್ ಸಾಹೇಬ್ರ, ಎಲ್ಲಾ ಋತುಮಾನಾನೂ ಮುಗದ್ವು. ಗಾಡಿ ಯಾವಾಗ ತಗೋತೀರಿ?"

ಅವರಿಗೆ ಖರೇನ ಆಶ್ಚರ್ಯ ಆತು. "ನಾನ್ಯಾಕ ತಗೋಬೇಕ್ರಿ? ಮಂಗಳವಾರ ಮಂಗಳವಾರ ನೀವು ಬರಾಕತ್ತೀರಲ್ಲ!"

ಹಿರೇಕೆರೂರಿನ ಗೌಡ್ರು

ದಸರಾ ದಾಟಿತು. ಸಂಕ್ರಾಂತಿ ಬಾಗಿಲಿಗೆ ಬಂದಂಗ ಕಾಣಾಕತ್ತಿತು. ಅಪ್ಪ ನನ್ನ ಸಲುವಾಗಿ ಹೊಸಾ ಬಾರಕೋಲು ಮಾಡಿಸಿಟ್ಟಿದ್ದ. ಆಗ ಹಿರೇಕೆರೂರು ತಾಲೂಕಿನ ಒಬ್ಬ ಗೌಡ್ರು ಒಂದ ಮಾತಿನ್ಯಾಗ ಗಾಡಿ ಬೇಕು ಅಂದ್ರು! ಪರೀಕ್ಷಾ ಇಲ್ಲ, ಕೆಸರಿಲ್ಲ, ಎಲಿ ಇಲ್ಲ. ಹುಬ್ಬಳ್ಳಿಯಿಂದ ಹೊಸಾ ಗಾಡಿ ಹೊಡಕೊಂಡು ಹೋಗಿ ಅವರ ಬಾಗಿಲಿಗೆ ನಿಲ್ಲಿಸಿದೆ. ಎರಡು ದಿನ ಇದ್ದು ಅವರಿಗೆ ಹೊಡಿಯೂದು ಕಲಿಸಿದೆ. ಆರತಿ ಆತು, ಕುಂಕುಮ ಹಚ್ಚಿದ್ರು, ಹೋಳಗಿ ಊಟಾ ಹಾಕಿದ್ರು.

ಹೊಂಟಾಗ ಗೌಡ್ರು ಎಲಿ ಅಡಿಕಿ ಜೋಡಿ ಏನೋ ಒಂದು ಭಾರದ್ದನ್ನ ಹೊಸಾ ಟಾವೆಲಿನಾಗ ಸುತ್ತಿ ನನ್ನ ಕೈಯಾಗ ಇಟ್ಟರು. "ತಗೋರಿ, ನಿಮ್ಮ ಹಗ್ಗ. ನಮ್ಮದು ನಾವು ಮಾಡಸ್ಕೋತೇವಿ," ಅಂದ್ರು.

ನಮ್ಮ ಕಡೆ ಎತ್ತು ಮಾರತಾರ, ಹಗ್ಗ ಮಾರೂದಿಲ್ಲ. ಎತ್ತು ಹೋದ್ರೂ ಅದರ ಹಗ್ಗ ಮಾರಿದವನ ಮನಿಗೆ ತಿರುಗಿ ಬರಬೇಕು, ಇಲ್ಲಾಂದ್ರ ಕೊಟ್ಟಿಗಿ ಲಕ್ಷ್ಮಿ ಅದರ ಬೆನ್ನ ಹತ್ತಿ ಹೊಂಟು ಹೋಗತಾಳ. ಕೊಂಡಾಂವ ತನ್ನ ಹಗ್ಗ ತಾನು ತರಬೇಕು. ನಾನೂ ರೈತನ ಮಗಾ. ಎಂಥಾ ದೊಡ್ಡ ಮನಷ್ಯಾ, ಪದ್ಧತಿ ಬಿಡಲಿಲ್ಲ ಅಂತ ಕಣ್ಣಿಗೊತ್ತಿಕೊಂಡು ತಗೊಂಡೆ. ಸರ್ವಿಸ್ ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊಂಡು ಊರಿಗೆ ಬಂದೆ.

"ಮಾರಿದೆ ಅಪ್ಪಾ!" ಅಂದೆ.

"ಹಗ್ಗ ತಂದಿಯೇನು?" ಇದು ಅಪ್ಪನ ಮೊದಲನೇ ಮಾತು.

ಟಾವೆಲ್ ಬಿಚ್ಚಿ ಕೊಟ್ಟೆ. ಒಳಗಿದ್ದದ್ದು ಗಾಡಿ ತಿರುವೋ ಹ್ಯಾಂಡಲ್. ಅಪ್ಪ ಅದನ್ನ ಕೊಟ್ಟಿಗ್ಯಾಗ ಮಾರಿದ ಎತ್ತಿನ ಹಗ್ಗಗಳ ಸಾಲಿನಾಗ, ಗೂಟಕ್ಕ ತೂಗಹಾಕಿ, ಅರಿಷಿಣ ಹಚ್ಚಿ ಕೈ ಮುಗದ. ನಾನೂ ಮುಗದೆ. ಮ್ಯಾಟ್ರಿಕ್ ಪಾಸಾದ ನನ್ನ ತಲಿಯೊಳಗ ಬ್ಯಾರೇ ಏನೂ ಬರಲಿಲ್ಲ ನೋಡ್ರಿ!

ಸಾಹೇಬ ಕಂಡ ಓಟ

ಮೂರು ತಿಂಗಳು ಗೌಡ್ರಿಂದ ಒಂದೂ ತಕರಾರು ಇಲ್ಲ. ನಾನು ಊರ ತುಂಬ ಮೀಸಿ ತಿರುವಿಕೋತ ಅಡ್ಡಾಡಿದೆ. ಸಂಕ್ರಾಂತಿ ಮುಗೀತು, ಸಾಹೇಬ ಬಂದ. ಅಂವನ್ನ ಕರಕೊಂಡು ಗೌಡ್ರ ಊರಿಗೆ ಹೋದೆ. ಗೌಡ್ರು ಪಕ್ಕದೂರಿಗೆ ಹೋಗ್ಯಾರ, ಈಗ ಬರತಾರ ಅಂತ ಮನ್ಯಾಗಿನವರು ಅಂದ್ರು. ಊರ ಮುಂದಿನ ಹಾದಿಯೊಳಗ ಕಾಯ್ಕೋತ ನಿಂತ್ವಿ.

ಹುಣಸೀ ತೋಪಿನ ಹಿಂದಿಂದ "ಪೋಂ, ಪೋಂ" ಅಂತ ಕೇಳಿತು. ಸಾಹೇಬನ ಮಾರಿ ಅರಳಿತು. "ನಮ್ಮ ಗಾಡಿ!" ಅಂದು ಫೋಟೋ ಪೆಟಗಿ ತಗದು ಸಜ್ಜಾಗಿ ನಿಂತ. ನನಗೂ ಹೆಮ್ಮಿ ತಡಿಲಾರದ ಟೊಪಗಿ ಸರಿ ಮಾಡ್ಕೊಂಡೆ.

ತಿರುವಿನ್ಯಾಗ ಮೊದಲು ಕಂಡದ್ದು ನಾಲ್ಕು ಕೋಡು. ಆಮ್ಯಾಲ ಎರಡು ಎತ್ತು. ಆಮ್ಯಾಲ ನೊಗ. ಅದರ ಹಿಂದ ನಮ್ಮ ಮೋಟಾರ್. ಬಾನೆಟ್ ಮ್ಯಾಲ ಗಾಡೀ ಹೊಡಿಯಾಂವ ಬಾರಕೋಲು ಹಿಡಕೊಂಡು ಕುಂತಾನ. ಒಳಗ ಗೌಡ್ರು ಜರದ ರುಮಾಲು ಸುತ್ತಿ, ಒಂದು ಕೈಯಾಗ ಚಕ್ರ ಹಿಡದು, ಇನ್ನೊಂದು ಕೈಲೆ ಪೋಂ ಪೋಂ ಒತ್ತಾಕತ್ತಾರ. ಬಾಜೂ ಸೀಟಿನ್ಯಾಗ ಪಕ್ಕದೂರಿನ ಸಾಹುಕಾರ್ರು.

ಸಾಹೇಬ ಫೋಟೋ ಪೆಟಗಿ ಕೆಳಗ ಇಳಿಸಿದ. "ಗಾಡಿ ಹೆಂಗೈತಿ ಕೇಳು," ಅಂದ.

ಗೌಡ್ರು ನಕ್ಕರು. "ಬಂಗಾರದಂಥಾ ಗಾಡಿ! ಮೂರು ತಿಂಗಳಾತು, ಒಂದು ತೊಟ್ಟು ಪೆಟ್ರೋಲ್ ಕುಡದಿಲ್ಲ. ಒಂದ ಸಲಾನೂ ಕೆಟ್ಟು ನಿಂತಿಲ್ಲ."

ನಾನು ಇಂಗ್ಲಿಷಿನಾಗ ಇದ್ದದ್ದು ಇದ್ದಂಗ ಹೇಳಿದೆ. ಸಾಹೇಬ ಕುಂಬಳಕಾಯಿ ಹಣ್ಣಾದಂಗ ಕೆಂಪಗಾದ. "ಹ್ಯಾಂಡಲ್ ಎಲ್ಲಿ?"

ಗೌಡ್ರು ನನ್ನ ಕಡಿ ಕೈ ಮಾಡಿದ್ರು. "ಅವರ ಮನ್ಯಾಗ. ಪದ್ಧತಿ ಪ್ರಕಾರ ಕೊಟ್ಟು ಕಳಿಸೇವಿ. ನಮ್ಮ ಕಂಬಾರ ಎರಡು ಮಾಡಿಕೊಟ್ಟ, ಒಂದು ದಪ್ಪಾತು, ಇನ್ನೊಂದು ಸೊಟ್ಟಾತು. ಕೊಟ್ಟ ಹಗ್ಗ ತಿರುಗಿ ಕೇಳೂದು ಮರ್ಯಾದಿ ಏನ್ರಿ? ಅದಕ್ಕ ಎತ್ತು ಹೂಡಿದ್ವಿ."

ಆಗ ನನ್ನ ಕಣ್ಣ ಮುಂದ ನಮ್ಮ ಕೊಟ್ಟಿಗಿ ಗೂಟಾ ಬಂತು. ಅರಿಷಿಣ ಹಚ್ಚಿದ ಹ್ಯಾಂಡಲ್ ಬಂತು. ಅಯ್ಯೋ ನನ್ನ ಹಣೇಬರಾ! ಸಾಹೇಬ ಕಿಸೆದಾಗಿನ ಪುಸ್ತಕ ತಗದು ಪೆನ್ಸಿಲ್ಲಿಲೇ ನನ್ನ ಹೆಸರು ಬರದು, ಅದರ ಮ್ಯಾಲ ಕಾಟು ಹಾಕಿದ.

ಅಷ್ಟರಾಗ ಪಕ್ಕದೂರಿನ ಸಾಹುಕಾರ್ರು ಕೆಳಗ ಇಳದ್ರು. ಮೋಟಾರಿನ ಮೈ ಸವರಿ ಅಂದ್ರು, "ತಮ್ಮಾ, ನನಗೂ ಒಂದು ಬೇಕು. ಮೆತ್ತನ್ನ ಗಾದಿ, ಮಳಿ ಬಂದ್ರ ಮ್ಯಾಲ ಟಪ್ಪ, ಮುಂದ ಪೋಂ ಪೋಂ. ಇನ್ನೇನ್ ಬೇಕು? ಆದ್ರ ಗೌಡ್ರದು ಹೆಂಗೈತಿ ಹಂಗ ಇರಬೇಕು. ಆ ಗುರ್ರ್ ಅಂತ ಒದರೂದು ನಮಗ ಬ್ಯಾಡ, ಎತ್ತು ಬೆದರತಾವ."

"ಏನಂತಾನಿಂವ?" ಅಂತ ಸಾಹೇಬ ಕೇಳಿದ.

ನಾನು ಹೇಳಿದೆ, "ಗೌಡ್ರ ಗಾಡಿಯಂಥಾದ್ದ ಇನ್ನೊಂದು ಬೇಕಂತ್ರಿ."

ಸಾಹೇಬ ಎತ್ತು ನೋಡಿದ, ಗಾಡಿ ನೋಡಿದ, ನನ್ನ ಮಾರಿ ನೋಡಿದ. ರಬ್ಬರ್ ತಗದು ನನ್ನ ಹೆಸರಿನ ಮ್ಯಾಲಿನ ಕಾಟು ಅಳಿಸಿ, ಅದರ ಕೆಳಗ ಎರಡು ಗಾಡಿ ಅಂತ ಬರಕೊಂಡ. ನೌಕರಿ ಉಳೀತು!

ಆ ಎರಡನೇ ಗಾಡಿ ಮುಟ್ಟಿಸಾಕ ಹೋದ ದಿನ ಸಾಹುಕಾರ್ರು ಕೊಡೂಕಿಂತ ಮೊದಲ ನಾನ ಹ್ಯಾಂಡಲ್ ತಗದು ಬಗಲಾಗ ಇಟ್ಕೊಂಡೆ. ಮನಿಗೆ ಬಂದು ನೋಡತೇನಿ, ಅಪ್ಪ ಕೊಟ್ಟಿಗ್ಯಾಗ ಇನ್ನೊಂದು ಗೂಟಾ ಬಡದು, ಅರಿಷಿಣದ ಬಟ್ಟಲಾ ಹಿಡಕೊಂಡು ನನ್ನ ಹಾದಿ ಕಾಯಾಕತ್ತಿದ್ದ.